ಅಟ್ಟದಿಂದ ಇಳಿದ ಹಳೆ ಸಾಮಾನು: ಯಾವುದನ್ನು ಏನು ಮಾಡಿದರೆ ಬಾಳುತ್ತದೆ?

ಕಳೆದ ವರ್ಷ ಜೂನ್ ಮೊದಲ ವಾರ. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಟ್ಟುಮಾಡುವ ಪಂಚಾಯತಿನ ಹರಿತ ಕರ್ಮ ಸೇನೆಯ ಇಬ್ಬರು ನಮ್ಮ ಅಂಗಳಕ್ಕೆ ಬಂದಿದ್ದರು. ತಿಂಗಳಿಗೊಮ್ಮೆ ಬರುತ್ತಾರೆ. ಮನೆಗೆ 50 ರೂಪಾಯಿ ತೆಗೆದುಕೊಂಡು, ತೊಳೆದು ಒಣಗಿಸಿಟ್ಟ ತೊಟ್ಟೆ, ಹಾಲಿನ ಕವರು, ಬಾಟಲಿ ಎಲ್ಲ ಕೊಂಡುಹೋಗುತ್ತಾರೆ. ಆ ದಿನ ನಾನು ಅದರ ಜೊತೆ ಒಂದು ಹೂದಾನಿಯನ್ನೂ ಇಟ್ಟಿದ್ದೆ. ಶಾಲೆಯ ವೃತ್ತಿ ಪರಿಚಯ ಮೇಳದ ಹೊತ್ತಿಗೆ ಮಕ್ಕಳಿಗೆ ತೋರಿಸಲು ನಾನೇ ಮಾಡಿದ್ದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಅದರ ಸುತ್ತ ಸೆಣಬಿನ ಹಗ್ಗ, ಬಿಳಿ ಅಂಟು, ಮೇಲೆ ಬಂಗಾರದ ಬಣ್ಣ, ಕನ್ನಡಿ ಚೂರು. ಮಾಡಿದಾಗ ಚಂದವಿತ್ತು. ಒಂದು ಮಳೆಗಾಲ ಜಗಲಿಯಲ್ಲಿ ಕೂತದ್ದೇ ತಡ, ಹಗ್ಗಕ್ಕೆ ಬೂಷ್ಟು ಹಿಡಿಯಿತು, ಅಂಟು ಬಿಟ್ಟಿತು.

ಬಂದವರಲ್ಲಿ ಒಬ್ಬರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಟೀಚರೇ, ಇದನ್ನು ಯಾವುದಕ್ಕೆ ಹಾಕುವುದು? ಪ್ಲಾಸ್ಟಿಕ್ಕಿಗೋ, ಬಟ್ಟೆಗೋ, ಗಾಜಿಗೋ?"

ಯಾವುದಕ್ಕೂ ಹಾಕುವ ಹಾಗಿರಲಿಲ್ಲ. ಬಾಟಲಿಯನ್ನು ಬಾಟಲಿಯಾಗಿಯೇ ಕೊಟ್ಟಿದ್ದರೆ ಅದು ಕರಗಿ ಇನ್ನೊಂದು ವಸ್ತು ಆಗುತ್ತಿತ್ತು. ನಾನು ಅಂಟು ಬಳಿದು, ಬಣ್ಣ ಹೊಡೆದು ಅದರ ಆ ದಾರಿಯನ್ನೂ ಮುಚ್ಚಿದ್ದೆ.

ಅದೇ ವರ್ಷ ನಮ್ಮ ಮನೆಯ ಒಂದು ಬದಿಯ ಮಾಡು ಬಿಚ್ಚಬೇಕಾಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಹಳೆಯ ಹಂಚಿನ ಮನೆ. ಅಟ್ಟದಲ್ಲಿ ಇದ್ದದ್ದೆಲ್ಲ ಕೆಳಗೆ ಬಂತು. ಸೀರೆಯ ಗಂಟು, ಬಾಗಿಲು, ಭರಣಿ, ಪೇಂಟಿನ ಬಾಲ್ದಿ, ಕಡ್ಡಿ ಮುರಿದ ಕೊಡೆಗಳು. ಒಂದೊಂದನ್ನೂ ಎದುರಿಗೆ ಇಟ್ಟುಕೊಂಡು, ಇದನ್ನು ಏನೇನು ಮಾಡಬಹುದು, ಅದರಲ್ಲಿ ಯಾವುದು ಮೇಲು ಎಂದು ಯೋಚಿಸಿದೆವು. ಕೆಲವನ್ನು ಮಾಡಿ ನೋಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಳೆಯುವುದು ಎರಡೇ ಅಳತೆಯಲ್ಲಿ. ಮೊದಲನೆಯದು ಮಳೆಗಾಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬೇರೆ ಊರಿನವರು ವಿಡಿಯೋದಲ್ಲಿ ತೋರಿಸಿದ ಅರ್ಧಕ್ಕರ್ಧ ಕರಕುಶಲ ಇಲ್ಲಿ ಜುಲೈ ದಾಟುವುದಿಲ್ಲ. ಎರಡನೆಯದು, ವಸ್ತುವಿಗೆ ನಾವು ಎಷ್ಟು ಕೈ ಹಾಕುತ್ತೇವೆ ಎಂಬುದು. ಕತ್ತರಿ, ಅಂಟು, ಬಣ್ಣ ಕಡಿಮೆ ತಗಲಿದಷ್ಟೂ ಅದು ಜಾಸ್ತಿ ಬಾಳುತ್ತದೆ. ಚಂದವೂ ಹಾಗೆಯೇ ಉಳಿಯುತ್ತದೆ ಎಂಬುದು ನನ್ನ ಅನುಭವ.

ಸೀರೆ: ಹೊದಿಕೆಯೋ, ಚೀಲವೋ, ಕಾಲೊರಸೋ?

ಮೊದಲು ಬಟ್ಟೆ ಯಾವುದೆಂದು ತಿಳಿಯಬೇಕು. ಕೈಯಲ್ಲಿ ಮುಟ್ಟಿ ಹೇಳುವುದು ಕಷ್ಟ. ಅಂಚಿನಿಂದ ಎರಡು ಎಳೆ ಎಳೆದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಹಗುರ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತು ಮಾಡಿ, ಇಕ್ಕುಳದಲ್ಲಿ ಹಿಡಿಯಿರಿ.

ಹತ್ತಿ ಸೀರೆಗೆ ಮೊದಲ ಸ್ಥಾನ ಹೊದಿಕೆಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಎಷ್ಟೋ ಸಲ ಒಗೆದು ಮೆತ್ತಗಾದ ನೂಲಿಗೆ ಬರುವ ಆ ಮೃದು, ಹೊಸ ಬಟ್ಟೆಗೆ ಬರುವುದಿಲ್ಲ. ನಮ್ಮ ಗಂಟಿನಲ್ಲಿ ಅತ್ತೆಯ ಎರಡು ಕಾಸರಗೋಡು ಸೀರೆ ಇದ್ದವು. ಇಲ್ಲಿನ ಕೈಮಗ್ಗದ್ದು. ಈ ಊರಿನದೇ ವಿಶೇಷ ಎಂದು ಗುರುತಿಸುವ ಭೌಗೋಳಿಕ ಸೂಚಿಯ (ಜಿಐ) ಮನ್ನಣೆ ಸಿಕ್ಕಿರುವುದು ಇದಕ್ಕೇ. ಒಂದರ ಮಡಿಕೆಯಲ್ಲಿ ಸಣ್ಣ ಸೀಳು, ಇನ್ನೊಂದರ ಬಣ್ಣ ಮಾಸಿತ್ತು. ನಾನು ಕತ್ತರಿ ತಂದೆ. ಚೌಕ ಚೌಕ ಕತ್ತರಿಸಿ, ಬಣ್ಣಕ್ಕೆ ಬಣ್ಣ ಜೋಡಿಸಿ ಹೊಲಿಯುವ ಆಸೆ ನನಗೆ.

ಅತ್ತೆ ಕೂತಲ್ಲಿಂದಲೇ ಹೇಳಿದರು. "ಅದನ್ನು ಹರಿಯುವುದು ಬೇಡ. ಹಾಗೆಯೇ ಮಡಚಿ ಹೊಲಿದರೆ ಒಬ್ಬರಿಗೆ ಹೊದೆಯಲು ಸಾಕಾಗುವುದಿಲ್ಲವಾ?"

ಸಾಕಾಗುತ್ತದೆ. ಸೀರೆ ಸುಮಾರು 5.5 ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲ. ಉದ್ದದಲ್ಲಿ ಎರಡಾಗಿ ಮಡಚಿದರೆ 2.75 ಮೀಟರಿನ ಎರಡು ಪದರದ ಹೊದಿಕೆ ಸಿದ್ಧ. ಒಂದು ಕಡೆಯೂ ಕತ್ತರಿ ಬೇಡ. ಎರಡು ಸೀರೆಯನ್ನು ಹೀಗೆ ಮಡಚಿ ಪಕ್ಕಪಕ್ಕ ಸೇರಿಸಿದರೆ ಇಬ್ಬರು ಮಲಗುವ ಮಂಚಕ್ಕೆ ಆಗುತ್ತದೆ. ಉದ್ದ ಜಾಸ್ತಿ ಅನ್ನಿಸಿದರೆ ತುದಿಯನ್ನು ಒಳಗೆ ಮಡಚಿ ಹೊಲಿದುಬಿಡಿ, ಆ ಬದಿ ಕಾಲಿಗೆ ಬೆಚ್ಚಗೆ.

ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕೆಡುವುದು ಇಲ್ಲಿಯೇ. ಸೀರೆಯನ್ನು ಎರಡು ಸಲ ಬರಿ ನೀರಲ್ಲಿ ನೆನೆಸಿ ಒಗೆದು ಗಂಜಿಯನ್ನು ಪೂರ್ತಿ ಬಿಡಿಸಿ. ಗಂಜಿ ಉಳಿದರೆ ಬೆಳ್ಳಿಹುಳ, ಜಿರಳೆ ಬರುತ್ತವೆ. ಒಣಗಿದ ಮೇಲೆ ಚಾವಡಿಯ ನೆಲದಲ್ಲಿ ಹಾಸಿ, ನಾಲ್ಕು ಮೂಲೆಗೆ ಭಾರ ಇಡಿ. ಕೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ಸುಕ್ಕು ತೆಗೆಯಿರಿ. ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಎರಡು ಪದರವನ್ನು ಹಿಡಿಸಿ. ಆಮೇಲೆ ಎರಡೆಳೆ ಹತ್ತಿ ದಾರದಲ್ಲಿ ಸಾದಾ ಹೊಲಿಗೆ, ಗೆರೆಯಿಂದ ಗೆರೆಗೆ ಮೂರು ಬೆರಳು ಅಂತರ. ಶುರು ಮಾಡುವುದು ನಡುವಿನಿಂದ. ಅಂಚಿನಿಂದ ಶುರು ಮಾಡಿದರೆ ಬಟ್ಟೆ ಸರಿಯುತ್ತಾ ಬಂದು ಕೊನೆಗೆ ಒಂದು ಬದಿಯಲ್ಲಿ ಉಬ್ಬುತ್ತದೆ. ಬಿಚ್ಚಿ ಮತ್ತೆ ಹೊಲಿಯುವುದೇ ಗತಿ. ನನ್ನ ಮೊದಲನೆಯದು ಹಾಗೇ ಆಯಿತು. ಸೀಳಿದ ಕಡೆ ಇನ್ನೊಂದು ಹಳೆ ಬಟ್ಟೆಯ ತುಂಡು ಒಳಗಿಟ್ಟು ಅದರ ಮೇಲೆ ಒತ್ತೊತ್ತಾಗಿ ಹೊಲಿಗೆ ಹಾಕಿ. ನಮ್ಮ ಹೊದಿಕೆಯಲ್ಲಿ ಆ ಜಾಗವೇ ಎಲ್ಲಕ್ಕಿಂತ ಚಂದ ಕಾಣುತ್ತದೆ.

ಬಯಲುಸೀಮೆಯ ಕೌದಿಯ ಹಾಗೆ ಐದಾರು ಪದರ ಹಾಕಬಹುದಲ್ವಾ ಎಂದು ಕೇಳುತ್ತಾರೆ. ಅಲ್ಲಿನ ಬಿಸಿಲಿಗೆ, ಅಲ್ಲಿನ ಚಳಿಗೆ ಅದು ಸರಿ. ನಮ್ಮಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಒಗೆದರೆ ದಪ್ಪ ಹೊದಿಕೆ ನಾಲ್ಕು ದಿನವಾದರೂ ಚಂಡಿಯೇ ಇರುತ್ತದೆ, ವಾಸನೆ ಬರುತ್ತದೆ. ಎರಡು ಪದರ ಸಾಕು, ಹೆಚ್ಚೆಂದರೆ ಮೂರು.

ಚೀಲಕ್ಕೆ ಎರಡನೇ ಸ್ಥಾನ. ಒಂದು ಸೀರೆಯಲ್ಲಿ ಅಂಗಡಿಗೆ ಒಯ್ಯುವ ಚೀಲ ಹತ್ತರ ಹತ್ತಿರ ಆಗುತ್ತದೆ. ಕೇರಳದಲ್ಲಿ 2020ರ ಜನವರಿಯಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಇರುವುದರಿಂದ ಚೀಲ ಎಷ್ಟಿದ್ದರೂ ಬೇಕು. ಆದರೆ ತೆಳು ನೂಲಿನ ಸೀರೆ ಒಂಟಿ ಪದರದಲ್ಲಿ ತೆಂಗಿನಕಾಯಿಯ ಭಾರ ತಡೆಯುವುದಿಲ್ಲ. ಎರಡು ಪದರ ಮಾಡಿ, ಹಿಡಿಕೆಯನ್ನು ಸೀರೆಯ ಅಂಚಿನಿಂದಲೇ ತೆಗೆಯಿರಿ. ಅಂಚಿನ ನೇಯ್ಗೆ ಒತ್ತಾಗಿರುತ್ತದೆ. ಹೊದಿಕೆಗೆ ಆಗದಷ್ಟು ಹರಿದ ಸೀರೆಗೆ ಇದು ಒಳ್ಳೆಯ ದಾರಿ.

ಕಾಲೊರಸು ಮೂರನೆಯದು. ಒಂದೂವರೆ ಇಂಚಿನ ಪಟ್ಟಿ ಹರಿದು, ಜಡೆ ಹೆಣೆದು, ಸುತ್ತಿ ಹೊಲಿಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಬಟ್ಟೆಯ ಆಯ್ಕೆ ಮುಖ್ಯ. ಬಚ್ಚಲಿನ ಹೊರಗೆ ಹತ್ತಿಯದ್ದೇ ಬೇಕು, ನೀರು ಹೀರುತ್ತದೆ. ಮೆಟ್ಟಿಲ ಬದಿಗೆ, ಅಂಗಳದ ಕೆಸರಿಗೆ ಪಾಲಿಯೆಸ್ಟರಿನದ್ದು ಮೇಲು. ಕೊಡವಿದರೆ ಕೆಸರು ಉದುರುತ್ತದೆ, ಬೇಗ ಒಣಗುತ್ತದೆ. ಹತ್ತಿಯದನ್ನು ಅಲ್ಲಿ ಹಾಕಿದರೆ ಮಳೆಗಾಲ ಮುಗಿಯುವುದರೊಳಗೆ ಕೊಳೆಯುತ್ತದೆ.

ಜರಿ ಸೀರೆಯನ್ನು ಮಾತ್ರ ಯಾವುದಕ್ಕೂ ಕತ್ತರಿಸುವ ಮೊದಲು ತಿಳಿದವರಿಗೆ ತೋರಿಸಿ. ಹಳೆಯದರಲ್ಲಿ ನಿಜವಾದ ಬೆಳ್ಳಿ ಇರಬಹುದು. ಅದನ್ನು ಕೊಳ್ಳುವವರಿದ್ದಾರೆ.

ಹಂಚು: ಮಾಡಿಗೇ ಮೊದಲ ಹಕ್ಕು

ಮಂಗಳೂರು ಹಂಚು ಎಂದು ಕರೆಯುವ ಈ ಕೆಂಪು ಹಂಚನ್ನು ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಮಾಡಲು ಶುರುಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಆವೆಮಣ್ಣು ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಒಂದೊಂದು ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು, ಗುರುತು ಅಚ್ಚಾಗಿರುತ್ತದೆ. ಮಾಡು ಬಿಚ್ಚಿದಾಗ ಮೊದಲು ಅದನ್ನು ತಿರುಗಿಸಿ ನೋಡಿ. ಅಪರೂಪದ ಗುರುತು ಇದ್ದದ್ದನ್ನು ಬೇರೆ ಇಡಿ.

ಇಡೀ ಹಂಚು ಯಾವುದು, ಬಿರುಕು ಬಿಟ್ಟದ್ದು ಯಾವುದು? ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಎಡಗೈಯಲ್ಲಿ ಹಂಚನ್ನು ಒಂದು ತುದಿಯಿಂದ ತೂಗುಹಾಕಿದ ಹಾಗೆ ಹಿಡಿದು, ಬಲಗೈಯ ಬೆರಳ ಗಂಟಿನಿಂದ ತಟ್ಟಿ. "ಟಣ್" ಎಂದರೆ ಗಟ್ಟಿ. "ಬದ್" ಎಂದು ಸತ್ತ ಸದ್ದು ಬಂದರೆ ಒಳಗೆ ಬಿರುಕು. ನಾವು ಆರು ನೂರು ಹಂಚು ತಟ್ಟಿದೆವು. ಮಕ್ಕಳಿಗೆ ಒಂದು ಗಂಟೆಯಲ್ಲಿ ಕೇಳಿ ಕೇಳಿ ಅಭ್ಯಾಸವಾಯಿತು, ನಾನು ತಡಮಾಡಿದರೆ ಅವರೇ "ಅದು ಹಾಳು" ಎನ್ನುತ್ತಿದ್ದರು.

ಹಳೆ ಹಂಚಿಗೆ ನಾಲ್ಕು ದಾರಿ ಇವೆ.

ಒಂದು, ಮತ್ತೆ ಮಾಡಿಗೇ ಹಾಕುವುದು. ಸೌದೆಕೊಟ್ಟಿಗೆ, ಹಟ್ಟಿ, ಪಂಪ್‌ಶೆಡ್ಡು, ಬಾವಿಯ ಬದಿಯ ಸಣ್ಣ ಇಳಿಜಾರು ಮಾಡು, ಯಾವುದಾದರೂ ಇರುತ್ತದೆ. ತಗಡಿಗಿಂತ ತಂಪು, ಮಳೆಯ ಸದ್ದೂ ಕಡಿಮೆ. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಸಾಕು. ನಿಮಗೆ ಬೇಡದಿದ್ದರೆ ಹಂಚಿನ ಮನೆ ಇರುವ ನೆರೆಯವರಿಗೆ ಕೊಡಿ. ಗಾಳಿಮಳೆಗೆ ನಾಲ್ಕು ಹಂಚು ಹಾರಿದಾಗ ಅದೇ ಅಳತೆಯ ಹಳೆ ಹಂಚು ಸಿಗದೆ ಒದ್ದಾಡುವವರು ತುಂಬ ಜನ.

ಎರಡು, ಹೊಸ ಸ್ಲ್ಯಾಬಿನ ಒಳಗೆ ಕೊಡುವುದು. ಫಿಲ್ಲರ್ ಸ್ಲ್ಯಾಬ್ ಎನ್ನುತ್ತಾರೆ. ಕೇರಳದಲ್ಲಿ ಇದನ್ನು ಜನರ ಮನೆಗೆ ತಂದವರು ವಾಸ್ತುಶಿಲ್ಪಿ ಲಾರಿ ಬೇಕರ್. ಸ್ಲ್ಯಾಬಿನ ಕೆಳಗಿನ ಅರ್ಧದಲ್ಲಿ ಎಳೆತವನ್ನು ಹೊರುವುದು ಕಬ್ಬಿಣದ ಸರಳು, ಕಾಂಕ್ರೀಟ್ ಅಲ್ಲ. ಹಾಗಾಗಿ ಸರಳುಗಳ ನಡುವಿನ ಚೌಕದಲ್ಲಿ ಎರಡು ಹಂಚನ್ನು ಮುಖಕ್ಕೆ ಮುಖ ಸೇರಿಸಿ ಇಟ್ಟರೆ ಅಷ್ಟು ಸಿಮೆಂಟ್, ಜಲ್ಲಿ, ಹೊಯಿಗೆ ಉಳಿಯುತ್ತದೆ. ನಡುವೆ ಗಾಳಿ ನಿಲ್ಲುವುದರಿಂದ ಒಳಗೆ ಸೆಕೆಯೂ ಕಡಿಮೆ. ಕೆಳಗಿನಿಂದ ನೋಡಿದರೆ ಕೆಂಪು ಹಂಚು ಸಾಲಾಗಿ ಕಾಣುತ್ತದೆ, ಬಣ್ಣ ಬೇಡ. ಮನೆ ಕಟ್ಟುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಆದರೆ ಸರಳಿನ ಅಂತರ ಲೆಕ್ಕ ಹಾಕುವ ಎಂಜಿನಿಯರೂ, ಮೊದಲು ಮಾಡಿ ಗೊತ್ತಿರುವ ಮೇಸ್ತ್ರಿಯೂ ಇರಲೇಬೇಕು. ಅಂದಾಜಿನಲ್ಲಿ ಮಾಡುವ ಕೆಲಸ ಅಲ್ಲ.

ಮೂರು, ತೋಟದಲ್ಲಿ ನೆಟ್ಟಗೆ ನಿಲ್ಲಿಸಿ ಪಾತಿಗೆ ಅಂಚು ಕಟ್ಟುವುದು. ಮೂರನೇ ಒಂದು ಭಾಗ ಮಣ್ಣೊಳಗೆ ಹೋಗಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೆ ಮಣ್ಣು ತಳ್ಳಿ ಬೀಳುತ್ತದೆ. ಇದಕ್ಕೆ ಮೂಲೆ ಮುರಿದ ಹಂಚೂ ಆಗುತ್ತದೆ. ಗಟ್ಟಿಯದನ್ನು ಇದಕ್ಕೆ ಹಾಕಬೇಡಿ.

ನಾಲ್ಕು, ಚಿತ್ರ ಬರೆದು ಗೋಡೆಗೆ ತೂಗುಹಾಕುವುದು. ಈಗ ಎಲ್ಲ ಕಡೆ ಕಾಣುವುದು ಇದೇ. ಬರೆಯಲು ಬರುವವರು ಬಿರುಕಿನ ಹಂಚಿನಲ್ಲಿ ಬರೆಯಲಿ, ಒಂದೋ ಎರಡೋ. ಎರಡು ಕಿಲೋಕ್ಕಿಂತ ಹೆಚ್ಚು ಭಾರದ ವಸ್ತು ಅದು, ಮಂಚದ ತಲೆಯ ಮೇಲಂತೂ ಬೇಡ. ನೂರು ವರ್ಷ ಮಳೆ ತಡೆದ ಹಂಚಿಗೆ ಇನ್ನೂ ಮಳೆ ತಡೆಯುವ ಶಕ್ತಿ ಇರುವಾಗ ಅದನ್ನು ಗೋಡೆಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪೂರ್ತಿ ಪುಡಿಯಾದದ್ದು ಹೂಕುಂಡದ ತಳಕ್ಕೆ, ಅಂಗಳದ ಜಾರುವ ಜಾಗಕ್ಕೆ.

ಬಾಗಿಲು, ಕಿಟಕಿ

ಹಲಸು, ಕಿರಾಲುಬೋಗಿ, ತೇಗ. ಹಳೆಯ ಮನೆಯಲ್ಲಿ ಸಿಗುವುದು ಹೆಚ್ಚಾಗಿ ಈ ಮೂರು. ಒರಲೆ ಹಿಡಿದಿದೆಯೇ ಎಂದು ಮೊದಲು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಮುಖ್ಯವಾಗಿ ನೆಲಕ್ಕೆ ತಾಗುತ್ತಿದ್ದ ತುದಿಯಲ್ಲಿ. ಸುಮ್ನೆ ಒಳಗೆ ಇಳಿದರೆ ಆ ತುದಿಯನ್ನು ಕೊಯ್ದು ತೆಗೆಯಬೇಕು. ಮೇಲಿನದು ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ.

ಬಾಗಿಲನ್ನು ಬಾಗಿಲಾಗಿ ಬಳಸಲು ಆದರೆ ಅದೇ ಒಳ್ಳೆಯದು. ನಮ್ಮ ಹೊಸ ಅಡುಗೆಮನೆಯ ಹಿಂಬಾಗಿಲು ಹಳೆಯ ಅಟ್ಟದ್ದೇ. ಅಳತೆ ಹೊಂದದಿದ್ದರೆ ಎರಡು ಆಯ್ಕೆ: ಬೆಂಚು ಅಥವಾ ಮೇಜಿನ ಹಲಗೆ. ಬೆಂಚೇ ಸುಲಭ. ಬಾಗಿಲಿನ ಮೇಲ್ಮೈ ಸಮ ಇರುವುದಿಲ್ಲ, ಕೆತ್ತನೆ, ಪಟ್ಟಿ ಇರುತ್ತದೆ. ಮೇಜು ಮಾಡಿದರೆ ಅದರ ಮೇಲೆ ಗಾಜು ಹಾಕಬೇಕು, ಗಾಜಿನ ಅಡಿಯಲ್ಲಿ ಮಳೆಗಾಲದ ತೇವ ನಿಂತು ಬೂಷ್ಟು ಕಟ್ಟುತ್ತದೆ. ಜಗಲಿಯಲ್ಲಿ ಬೆಂಚಾಗಿ ಇಟ್ಟರೆ ಆ ತೊಂದರೆ ಇಲ್ಲ.

ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂರಿಸುವುದು ನನಗೆ ತುಂಬ ಇಷ್ಟವಾದ ಕೆಲಸ. ಮರವನ್ನು ಕೊಯ್ಯಬೇಕಿಲ್ಲ, ಹಿಂದಿನಿಂದ ಸಣ್ಣ ರೀಪು ಹೊಡೆದರೆ ಸಾಕು. ಬೇಡವಾದರೆ ನಾಳೆ ಬಿಚ್ಚಬಹುದು.

ಆಚಾರ್ರಿಗೆ ಕೊಡುವ ಮೊದಲು ಮೊಳೆಗಳನ್ನೆಲ್ಲ ನೀವೇ ಕಿತ್ತು ಕೊಡಿ. ನಮ್ಮಲ್ಲಿಗೆ ಬರುವವರು ಮರದ ಮೇಲೆ ಒಂದು ಅಯಸ್ಕಾಂತ ಆಡಿಸಿ ನೋಡಿದ ಮೇಲೆಯೇ ಹತ್ತರಿ ತೆಗೆಯುವುದು. "ಒಂದು ಮೊಳೆ ಉಳಿದರೆ ನನ್ನ ಬ್ಲೇಡು ಹೋಯಿತು, ನಿಮ್ಮ ಒಂದು ದಿನದ ಸಂಬಳವೂ ಹೋಯಿತು" ಎಂದರು.

ಬಣ್ಣದ ವಿಷಯ ಮಾತ್ರ ಗಂಭೀರ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಹಾಗೆಯೇ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್ ಬಳಸಿ, ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿ. ಗರ್ಭಿಣಿಯರು, ಸಣ್ಣ ಮಕ್ಕಳು ಹತ್ತಿರ ಬರುವುದು ಬೇಡ. ಅಂಥ ಮರದಲ್ಲಿ ತೊಟ್ಟಿಲು, ಆಟಿಕೆ, ಅಡುಗೆಯ ಹಲಗೆ ಮಾಡಲೇಬೇಡಿ.

ಹೊರಗಿಡುವ ಮರಕ್ಕೆ ನಮ್ಮ ಹಿರಿಯರು ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯ ಎಣ್ಣೆ. ಒರಲೆ, ಹುಳ ಹತ್ತಿರ ಬರುವುದಿಲ್ಲ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ, ಕೈಗವಸು ಬೇಕು. ಮರ ಕಪ್ಪಾಗುತ್ತದೆ. ಹಾಗಾಗಿ ಕೂರುವ ಬೆಂಚಿಗೆ ಅದು ಬೇಡ, ಮಾಡಿನ ಪಕ್ಕಾಸಿಗೆ, ಬೇಲಿಯ ಕಂಬಕ್ಕೆ ಸರಿ. ಬೆಂಚಿಗೆ ಲಿನ್ಸೀಡ್ ಎಣ್ಣೆ ಹಚ್ಚಿ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಗಿಡ ನೆಡಲು ಯಾವುದು?

ಎಲ್ಲರ ಕೈ ಮೊದಲು ಹೋಗುವುದು ಹೂಕುಂಡಕ್ಕೆ. ಹಳೆಯದು ಏನು ಸಿಕ್ಕಿದರೂ ಒಂದು ತೂತು ಕೊರೆದು ಗಿಡ ನೆಡುವುದು. ನಮ್ಮ ಅಂಗಳದಲ್ಲಿ ಎಲ್ಲವೂ ಇದೆ, ಆದ್ದರಿಂದ ಪಕ್ಕಪಕ್ಕ ಇಟ್ಟು ಹೇಳಬಲ್ಲೆ.

ಸಿಮೆಂಟ್ ಚೀಲ, ಗೊಬ್ಬರದ ಚೀಲ: ಖರ್ಚಿಲ್ಲ, ಸುಲಭ. ಆದರೆ ಬಿಸಿಲು ಬಿದ್ದ ಬದಿ ಒಂದು ಬೇಸಗೆಯಲ್ಲಿ ಪುಡಿಪುಡಿ. ಮುಂದಿನ ವರ್ಷ ಎತ್ತಲು ಹೋದರೆ ಕೈಯಲ್ಲಿ ಬಿಳಿ ಎಳೆಗಳು ಉಳಿಯುತ್ತವೆ. ಆ ಎಳೆ ಪ್ಲಾಸ್ಟಿಕ್, ಮಣ್ಣಿನಿಂದ ಆರಿಸಿ ತೆಗೆಯಲು ಆಗುವುದಿಲ್ಲ. ಒಂದೇ ಬೆಳೆಗೆ, ಅಂದರೆ ಬೆಂಡೆಗೋ ಹೀರೆಗೋ, ನೆರಳಿನ ಬದಿಯಲ್ಲಿ ಇಟ್ಟು, ಹರಿಯುವ ಮೊದಲೇ ಖಾಲಿ ಮಾಡುವುದಾದರೆ ಸರಿ.

ಪೇಂಟಿನ ಬಾಲ್ದಿ: ಮಳೆ ಬಿಸಿಲಿಗೆ ಬೇಗ ಸೋಲುವುದಿಲ್ಲ. ತಳದಲ್ಲಿ ಅಲ್ಲ, ತಳಕ್ಕಿಂತ ಒಂದು ಇಂಚು ಮೇಲೆ ಬದಿಯಲ್ಲಿ ನಾಲ್ಕು ತೂತು ಹಾಕಿ. ತಳದ ತೂತು ನೆಲಕ್ಕೆ ಅಂಟಿ ಮುಚ್ಚಿಹೋಗುತ್ತದೆ. ಹೂವಿನ ಗಿಡಕ್ಕೆ ಬಳಸುತ್ತೇನೆ, ತಿನ್ನುವ ಸೊಪ್ಪಿಗೆ ಬಳಸುವುದಿಲ್ಲ. ಅಕ್ಕಿ, ಉಪ್ಪಿನಕಾಯಿ, ಕುಡಿಯುವ ನೀರು ಅದರಲ್ಲಿ ತುಂಬಿಡುವ ಅಭ್ಯಾಸ ಕೆಲವು ಮನೆಯಲ್ಲಿದೆ. ದಯವಿಟ್ಟು ಬಿಡಿ.

ತೆಂಗಿನ ಗೆರಟೆ: ಸಣ್ಣ ಆರ್ಕಿಡ್, ಆಂಥೂರಿಯಂ ಸಸಿಗೆ ಬಹಳ ಒಳ್ಳೆಯದು. ಒಳಗೆ ತೆಂಗಿನ ಸಿಪ್ಪೆಯ ತುಂಡು ತುಂಬಿ ಮಾವಿನ ಮರಕ್ಕೆ ಕಟ್ಟಿ. ಎರಡು ಮಳೆಗಾಲದಲ್ಲಿ ಗೆರಟೆ ಮೆತ್ತಗಾಗುವಾಗ ಗಿಡದ ಬೇರು ಮರವನ್ನು ಹಿಡಿದಿರುತ್ತದೆ. ಕೊನೆಗೆ ಬಿಸಾಡಲು ಏನೂ ಉಳಿಯುವುದಿಲ್ಲ.

ಬಿರುಕಿನ ಭರಣಿ: ತೂತು ಕೊರೆಯಬೇಕಿಲ್ಲ, ಬಿರುಕಿನಿಂದಲೇ ನೀರು ಹೋಗುತ್ತದೆ. ಚಾವಡಿಯ ಮೂಲೆಯಲ್ಲಿ ಒಂದು ಭರಣಿ, ಅದರಲ್ಲಿ ಒಂದು ಸಣ್ಣ ತಾಳೆ ಗಿಡ. ಇದರಷ್ಟು ಚಂದದ ಹೂಕುಂಡ ಹಣ ಕೊಟ್ಟರೂ ಸಿಗುವುದಿಲ್ಲ. ಬಿರುಕಿಲ್ಲದ ಭರಣಿಯನ್ನು ಮಾತ್ರ ಕೊರೆಯಬೇಡಿ, ಅದು ಮಾವಿನ ಮಿಡಿಗೆ.

ಟಯರು: ನಮ್ಮ ಊರಿಗೆ ಇದು ಬೇಡ. ಬಣ್ಣ ಹೊಡೆದು ಸಾಲಾಗಿ ಜೋಡಿಸಿದ್ದನ್ನು ಶಾಲೆಗಳಲ್ಲೂ ನೋಡುತ್ತೇನೆ. ಟಯರಿನ ಒಳಸುತ್ತಿನಲ್ಲಿ ನೀರು ನಿಂತರೆ ಕಾಣುವುದೇ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಅಂಥ ಜಾಗವೇ. ಮೊಟ್ಟೆ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದರೆ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಮಕ್ಕಳಿಗೆ ಉಯ್ಯಾಲೆ ಮಾಡಲೇಬೇಕಿದ್ದರೆ ಕೆಳಗಿನ ಬದಿಯಲ್ಲಿ ಹೆಬ್ಬೆರಳು ಗಾತ್ರದ ನಾಲ್ಕೈದು ತೂತು ಕೊರೆಸಿ, ಮಳೆಗಾಲದಲ್ಲಿ ಒಳಗೆ ತೂಗುಹಾಕಿ. ಉಳಿದದ್ದು ಗುಜರಿಗೆ.

ಬಾಟಲಿ

ಗಾಜಿನ ಬಾಟಲಿಯನ್ನು ಇಡಿಯಾಗಿ ಬಳಸುವುದು, ಕೊಯ್ದು ಬಳಸುವುದು, ಎರಡು ದಾರಿ. ಸೀಮೆಎಣ್ಣೆಯ ದಾರ ಸುತ್ತಿ ಬೆಂಕಿ ಕೊಟ್ಟು ತಣ್ಣೀರಿಗೆ ಅದ್ದುವ ಉಪಾಯ ಎಲ್ಲರೂ ನೋಡಿದ್ದೀರಿ. ಐದರಲ್ಲಿ ಎರಡು ನೆಟ್ಟಗೆ ಒಡೆದರೆ ಪುಣ್ಯ. ಅಂಚನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜದೆ ಬಿಟ್ಟರೆ ತುಟಿ ಕೊಯ್ಯುತ್ತದೆ. ಲೋಟ ಮಾಡುವುದು ಬೇಡವೇ ಬೇಡ. ಹಾರ್ಲಿಕ್ಸ್ ಬಾಟಲಿಯಲ್ಲಿ ತುಪ್ಪ, ಜೇನು, ಹುಣಸೆಹುಳಿ ಇಡುತ್ತಿದ್ದ ನಮ್ಮ ಅಮ್ಮಂದಿರ ದಾರಿಯೇ ಸರಿ. ಮುಚ್ಚಳ ತುಕ್ಕು ಹಿಡಿದರೆ ಅದರಲ್ಲಿ ಮನಿಪ್ಲಾಂಟ್.

ಪ್ಲಾಸ್ಟಿಕ್ ಬಾಟಲಿಗೆ ನನ್ನ ಉತ್ತರ ಈಗ ಒಂದೇ. ತೊಳೆದು, ಚಪ್ಪಟೆ ಮಾಡಿ, ಏನೂ ಅಂಟಿಸದೆ, ಹರಿತ ಕರ್ಮ ಸೇನೆಗೆ.

ಕಡೆಯುವ ಕಲ್ಲು

ಹೆಚ್ಚು ಹೇಳಲಿಕ್ಕಿಲ್ಲ. ಗುಂಡು ಬೇರೆ ಮಾಡಿ ಕಲ್ಲನ್ನು ಪೇರಳೆ ಮರದ ಅಡಿಯಲ್ಲಿ ಇಟ್ಟು ಅದರ ಕುಳಿಗೆ ನೀರು ತುಂಬಿ. ಪಿಕಳಾರ, ಮಡಿವಾಳ ಹಕ್ಕಿ ಮೀಯಲು ಬರುತ್ತವೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಒಳಗೆ ಹಿಡಿಸೂಡಿಯಲ್ಲಿ ಉಜ್ಜಬೇಕು, ಸೊಳ್ಳೆಯ ಕಾರಣಕ್ಕೆ. ಅಷ್ಟು ಮಾಡಲು ಪುರುಸೊತ್ತು ಇಲ್ಲದವರು ಕಲ್ಲನ್ನು ಕವುಚಿ ಹಾಕಿ ಕೂರಲು ಇಟ್ಟುಕೊಳ್ಳಿ.

ಕೊಡೆ

ಕೊನೆಗೆ ಬಂದದ್ದು ಕೊಡೆಗಳು. ಅಟ್ಟದಲ್ಲಿ ಹನ್ನೊಂದು ಇದ್ದವು. ಇಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ! ಒಂದು ಕಡ್ಡಿ ಮುರಿದರೆ, ಕಡ್ಡಿಯ ತುದಿ ಬಿಟ್ಟರೆ ಮೊದಲು ರಿಪೇರಿಯವರಿಗೆ ಕೊಡಿ. ಬಸ್ ಸ್ಟ್ಯಾಂಡಿನ ಬದಿಯಲ್ಲಿ ಮಳೆಗಾಲಕ್ಕೆ ಕೂರುವವರು ಹತ್ತು ನಿಮಿಷದಲ್ಲಿ ಸರಿ ಮಾಡುತ್ತಾರೆ. ಅದೂ ಆಗದಿದ್ದರೆ ಬಟ್ಟೆಯನ್ನು ಉಳಿಸಿ.

ಬಟ್ಟೆ ಬಿಚ್ಚುವುದು ಹೀಗೆ. ಎಂಟು ಕಡ್ಡಿಯ ತುದಿಯಲ್ಲಿ ಎಂಟು ಸಣ್ಣ ಹೊಲಿಗೆ, ಕಡ್ಡಿಯ ನಡುವಿನಲ್ಲಿ ಇನ್ನೊಂದೊಂದು ಗಂಟು. ಬ್ಲೇಡಿನ ಮೂಲೆಯಿಂದ ದಾರವನ್ನು ಮಾತ್ರ ಕೊಯ್ಯಿರಿ. ಮೇಲಿನ ಟೊಪ್ಪಿ ತಿರುಗಿಸಿ ತೆಗೆದರೆ ಬಟ್ಟೆ ಇಡಿಯಾಗಿ ಕೈಗೆ ಬರುತ್ತದೆ. ಎಂಟು ತ್ರಿಕೋಣ ಸೇರಿ ಗುಮ್ಮಟದ ಹಾಗೆ.

ಇದನ್ನು ಕತ್ತರಿಸಿ ಚೀಲ ಹೊಲಿಯಬಹುದು. ಮಾಡಿದ್ದೇನೆ, ಮೀನು ತರಲು, ಚಂಡಿ ಬಟ್ಟೆ ಹಾಕಲು ಒಳ್ಳೆಯದು. ಆದರೆ ತ್ರಿಕೋಣಗಳನ್ನು ಚೌಕ ಮಾಡುವಾಗ ಮೂರನೇ ಒಂದು ಭಾಗ ಬಟ್ಟೆ ವ್ಯರ್ಥ, ಪ್ರತಿ ಹೊಲಿಗೆಯಲ್ಲೂ ಸೂಜಿಯ ತೂತಿನಿಂದ ನೀರು ಇಳಿಯುತ್ತದೆ. ಇನ್ನೊಂದು ದಾರಿ, ಆ ಗುಮ್ಮಟವನ್ನು ಗುಮ್ಮಟವಾಗಿಯೇ ಬಿಡುವುದು. ಸುತ್ತಲಿನ ಅಂಚನ್ನು ಅರ್ಧ ಇಂಚು ಮಡಚಿ ಹೊಲಿದು ಒಳಗೆ ಇಲಾಸ್ಟಿಕ್ ತೂರಿಸಿ. ಮಕ್ಕಳ ಮೂರು ಮಡಿಕೆಯ ಕೊಡೆಯಾದರೆ ಶಾಲೆಯ ಬ್ಯಾಗಿಗೆ ಸರಿಯಾಗಿ ಕೂರುತ್ತದೆ. ದೊಡ್ಡವರ ಉದ್ದ ಕೊಡೆಯಾದರೆ ಸ್ಕೂಟರಿನ ಸೀಟಿಗೆ. ನಡುವೆ ಟೊಪ್ಪಿ ಇದ್ದ ತೂತಿಗೆ ಇನ್ನೊಂದು ಕೊಡೆಯ ಬಟ್ಟೆಯಿಂದ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ತೇಪೆ. ತೇಪೆಯನ್ನು ಒಳಗಿನಿಂದ ಇಟ್ಟು, ಹೊಲಿದ ಮೇಲೆ ಹೊರಗಿನಿಂದ ಹೊಲಿಗೆಯ ಉದ್ದಕ್ಕೂ ಮೇಣದಬತ್ತಿ ಗಟ್ಟಿಯಾಗಿ ಉಜ್ಜಿ. ಬೆರಳಿನಿಂದ ತಿಕ್ಕಿ ಬಿಸಿ ಮಾಡಿದರೆ ಮೇಣ ತೂತಿನೊಳಗೆ ಇಳಿಯುತ್ತದೆ. ಇಲಾಸ್ಟಿಕ್ಕಿನ ಎರಡು ತುದಿಯನ್ನು ಮೊದಲೇ ಹೊಲಿದುಬಿಡಬೇಡಿ. ಪುಸ್ತಕ ತುಂಬಿದ ಬ್ಯಾಗಿಗೆ ಒಮ್ಮೆ ಹಾಕಿ ಅಳತೆ ನೋಡಿ, ಆಮೇಲೆ ಹೊಲಿಯಿರಿ. ಖಾಲಿ ಬ್ಯಾಗಿಗೆ ಅಳೆದು ಹೊಲಿದದ್ದು ನಮ್ಮಲ್ಲಿ ಶಾಲೆ ಶುರುವಾದ ದಿನವೇ ಬಿಗಿಯಾಯಿತು. ಅದನ್ನು ಬಿಚ್ಚಿ ಮತ್ತೆ ನಾಲ್ಕು ಇಂಚು ಇಲಾಸ್ಟಿಕ್ ಸೇರಿಸಿದ್ದೇನೆ.